ಟವೆಲ್ ಕೆಳಗಿನ ಬ್ಯಾಂಕಾಕ್

ಬ್ಯಾಂಕಾಕಿನ ಬೀದಿ ಮಾರುಕಟ್ಟೆಯ ನಟ್ಟನಡುವೆ ನಿಂತು, ಗುಬ್ಬಿಯ ದೊಡ್ಡರಂಗಯ್ಯ ಹೆಗಲ ಮೇಲಿನ ಟವೆಲ್ ಎಳೆದು, ಮರದ ಆನೆ ಮಾರುತ್ತಿದ್ದ ಮುದುಕನ ಕೈ ಮೇಲೆ ಹೊದಿಸಿಯೇಬಿಟ್ಟ. ಮುದುಕ ಬೆಚ್ಚಿದ. ಪಕ್ಕದಲ್ಲಿದ್ದ ಕುಣಿಗಲ್ಲಿನ ವೆಂಕಟೇಶಯ್ಯ ಅವನಿಗಿಂತ ಹೆಚ್ಚು ಬೆಚ್ಚಿದ.

"ಏನ್ರೀ ಇದು ರಂಗಯ್ಯನೋರೆ, ಪೊಲೀಸ್ರು ಬಂದಾರು."

"ಯಾಪಾರ ಸ್ವಾಮಿ. ಸುಮ್ಕೆ ನೋಡ್ತಾ ಇರಿ."

ಪಶು ಆಹಾರದ ಕಂಪನಿಯೊಂದು ಹೆಚ್ಚು ಮೂಟೆ ಮಾರಿದ ಡೀಲರುಗಳನ್ನೆಲ್ಲ ವಿಮಾನ ಹತ್ತಿಸಿ ಕರೆತಂದಿತ್ತು. ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿ ಸಿಗದ ಸಿಟ್ಟಿನಲ್ಲಿ ಎಲ್ಲರೂ ಕೂತಿದ್ದಾಗ, ಇಂಗ್ಲಿಷ್ ಬಲ್ಲ ವೆಂಕಟೇಶಯ್ಯ, "ಭಾಷೆ ಬರದೋರು ನನ್ನ ಶರ್ಟಿನ ತುದಿ ಹಿಡ್ಕೊಂಡು ಬನ್ನಿ" ಎಂದಿದ್ದ. ಅಷ್ಟು ಸಾಕಾಯಿತು. ಡೀಲರಾಗುವ ಮೊದಲು ದೊಡ್ಡರಂಗಯ್ಯ ಗುಬ್ಬಿ ಸಂತೆಯಲ್ಲಿ ದನದ ದಲ್ಲಾಳಿ. ಅವನು ಟವೆಲ್ ಹೊದಿಸಿ ಒಳಗೆ ಬೆರಳು ಹಿಡಿದು ಬೆಲೆ ಕುದುರಿಸಿದನೆಂದರೆ ಎತ್ತು ತಾನೇ ಹಗ್ಗ ಬಿಚ್ಚಿಕೊಂಡು ಹೊಸ ಯಜಮಾನನ ಹಟ್ಟಿಯ ದಾರಿ ಹಿಡಿಯುತ್ತಿತ್ತು, ಹಳೇ ಯಜಮಾನ ನೀರು ಕುಡಿಸಿ ಬೀಳ್ಕೊಡುತ್ತಿದ್ದ. ಅಂಥವನು ಇನ್ನೊಬ್ಬರ ಶರ್ಟಿನ ತುದಿ ಹಿಡಿಯುವುದುಂಟೆ? "ಬಾಯೇ ಬುಡದಂಗೆ ನಿಮಗಿಂತ ಕಮ್ಮಿಗೆ ಯಾಪಾರ ಮಾಡ್ತೀನಿ. ಸೋತ್ರೆ ಊರು ಮುಟ್ಟೋಗಂಟ ನಿಮ್ ಬ್ಯಾಗು ನನ್ ತಲೆ ಮೇಲೆ. ಗೆದ್ರೆ ನನ್ ಬ್ಯಾಗು ನಿಮ್ ತಲೆ ಮೇಲೆ" ಎಂದು ಜಿಲ್ಲೆಯ ಅಷ್ಟೂ ಡೀಲರುಗಳೆದುರು ಪಣ ಕಟ್ಟಿದ್ದ.

ವೆಂಕಟೇಶಯ್ಯ ಆಗಲೇ ಪಕ್ಕದ ಅಂಗಡಿಯಲ್ಲಿ ಇಂಗ್ಲಿಷ್ ಮಾತಾಡಿ, ಕ್ಯಾಲ್ಕುಲೇಟರ್ ಒತ್ತಿ, ಅಂಥದೇ ಆನೆಯನ್ನು ಅಲ್ಲಿನ ದುಡ್ಡಿನಲ್ಲಿ ಮುನ್ನೂರೈವತ್ತಕ್ಕೆ ಕೊಂಡಿದ್ದ. ಈ ಮುದುಕನೂ ಕ್ಯಾಲ್ಕುಲೇಟರ್ ಚಾಚಿದ. ದೊಡ್ಡರಂಗಯ್ಯ ಅದನ್ನು ಮೈಲಿಗೆ ವಸ್ತುವಿನಂತೆ ಅತ್ತ ಸರಿಸಿ, ಟವೆಲ್ ಒಳಗೆ ಅವನ ಎರಡು ಬೆರಳು ಹಿಡಿದು ಹಿಂಡಿದ. ಅಂದರೆ ಇನ್ನೂರು. ಮುದುಕ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಏನೋ ಹೊಳೆದಂತಾಗಿ ಇವನ ನಾಲ್ಕು ಬೆರಳು ಹಿಂಡಿದ. ದೊಡ್ಡರಂಗಯ್ಯನಿಗೆ ಏಳು ಸಮುದ್ರದಾಚೆ ತಮ್ಮ ಸಿಕ್ಕಿದಷ್ಟು ಹಿಗ್ಗಾಯಿತು. ಜಗ್ಗಾಟ ನಡೆಯಿತು. ಸುತ್ತ ಬಿಳಿಯರು, ಚೀನಿಯರು ಫೋನು ಹಿಡಿದು ನಿಂತರು. ಬ್ಯಾಂಕಾಕಿನ ಅರ್ಧ ಟ್ರಾಫಿಕ್ಕು ಅಲ್ಲೇ ಜಾಮಾಯಿತು. ಕೊನೆಗೆ ಮೂರು ಬೆರಳಿಗೆ ಇಬ್ಬರೂ ತಲೆಯಾಡಿಸಿದರು.

ದುಡ್ಡೂ ಮರೆಯಲ್ಲೇ ಕೈ ಬದಲಾಗಬೇಕು, ಸಂತೆಯ ಮರ್ಯಾದೆ ಅದು. ದೊಡ್ಡರಂಗಯ್ಯ ನೋಟಿನ ಕಟ್ಟನ್ನು ಟವೆಲ್ ಒಳಕ್ಕೇ ಒಯ್ದು, ನೂರರ ಮೂರು ನೋಟು ತುರುಕಿದ. ಒಳಗಿನ ಕೈ ಅವನ್ನು ಹಿಂದಕ್ಕೆ ತಳ್ಳಿತು. ಮುದುಕ ಇವನಿಗಷ್ಟೇ ಕಾಣುವಂತೆ ಟವೆಲ್ಲಿನ ಅಂಚೆತ್ತಿ, ಕಟ್ಟಿನಲ್ಲಿದ್ದ ಸಾವಿರದ ನೋಟಿನ ಮೇಲೆ ಉಗುರಿಟ್ಟು, ಅವೇ ಮೂರು ಬೆರಳನ್ನು ಮತ್ತೆ ಹಿಂಡಿದ.

ಮೂರು ಸಾವಿರ. ಗುಬ್ಬಿ ಸಂತೆಯಲ್ಲಿ ಆ ದುಡ್ಡಿಗೆ ಜೀವ ಇರುವ ಕರುವೇ ಬರುತ್ತಿತ್ತು; ಇದು ಮೊಳದುದ್ದದ ಮರದ್ದು. ಬೆರಳು ಎಷ್ಟೆಂದು ಹೇಳುತ್ತದೆ, ನೂರೋ ಸಾವಿರವೋ ಎಂದು ಹೇಳುವುದಿಲ್ಲ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದರೇ ಇಬ್ಬರಿಗೂ ಅದು ಗೊತ್ತಿರುತ್ತಿತ್ತು. ಇಲ್ಲಿ ಯಾರ ಹಲ್ಲು ನೋಡುವುದು? ಬೆರಳು ಕೊಟ್ಟಾದ ಮೇಲೆ ಮಾತು ಮುರಿದ ದಲ್ಲಾಳಿ ದಲ್ಲಾಳಿಯೇ ಅಲ್ಲ. ಅದಕ್ಕಿಂತ ಹೆಚ್ಚಾಗಿ, ಮುರಿದರೆ ವೆಂಕಟೇಶಯ್ಯನ ಬ್ಯಾಗು ಬಲು ಭಾರ. ದೊಡ್ಡರಂಗಯ್ಯ ಟವೆಲ್ ಒಳಗೆ ಸಾವಿರದ ಮೂರು ನೋಟು ಬಿಟ್ಟ. ಹೊರಗೆ, ಜೋಡೆತ್ತು ಗೆದ್ದವನಂತೆ ನಕ್ಕ.

"ಎಷ್ಟಕ್ಕಾಯ್ತು?" ವೆಂಕಟೇಶಯ್ಯ ಕುತ್ತಿಗೆ ಚಾಚಿದ.

"ಟವೆಲ್ ಒಳಗಿಂದು ಹೊರಗೆ ಹೇಳಬಾರ್ದು ಸ್ವಾಮಿ."

"ಹೇಳ್ದೆ ಇದ್ರೆ ಸೋತಂಗೇ ಕಣ್ರೀ. ನಂದು ಮುನ್ನೂರೈವತ್ತು, ನೀವೇ ನೋಡಿದೀರಿ."

ದೊಡ್ಡರಂಗಯ್ಯ ಮೀಸೆ ತಿರುವಿದ. ಸುಳ್ಳು ಹೇಳುವ ಮನುಷ್ಯನಲ್ಲ ಅವನು. "ಬೆರಳಲ್ಲಿ ಬೇಕಾರೆ ಹೇಳ್ತೀನಿ," ಎಂದು ಮೂರು ಬೆರಳು ಎತ್ತಿ ತೋರಿಸಿದ.

"ಬರೀ ಮುನ್ನೂರಾ?" ವೆಂಕಟೇಶಯ್ಯನ ಮುಖ ಬಾಡಿದ ವೀಳ್ಯದೆಲೆಯಾಯಿತು. ಬಗ್ಗಿ, ದೊಡ್ಡರಂಗಯ್ಯನ ಕಾಲ ಬಳಿಯಿದ್ದ ಬ್ಯಾಗು ಎತ್ತಿ ತಲೆಗಿಟ್ಟುಕೊಂಡ.

ಅಷ್ಟರಲ್ಲಿ ಸುದ್ದಿ ತಿಳಿದ ಡೀಲರುಗಳು ದಂಡುದಂಡಾಗಿ ಮುತ್ತಿಕೊಂಡರು. "ಅಣ್ಣೋ, ನಂಗೊಂದು ಆನೆ ಕೊಡ್ಸು." "ನಮ್ಮನೆಯೋಳಿಗೆ ಒಂದು ಸೀರೆಗಾಗೋಷ್ಟು ರೇಷ್ಮೆ." "ನಂಗೆ ವಾಚು. ದುಡ್ಡು ಇಕಾ, ನಿನ್ ಕೈಗೇ ಕೊಡ್ತೀನಿ, ಬೆರಳು ನೀನೇ ಹಿಡಿ."

"ನಾಳೆ ನೋಡನ ಬುಡ್ರಪ್ಪ," ಎಂದು ಹಿಂದೆ ಸರಿದ ದೊಡ್ಡರಂಗಯ್ಯನನ್ನು ಅವರು ಮದುವಣಿಗನಂತೆ ಮುಂದಕ್ಕೆ ನೂಕಿದರು. ಅವನು ತಲೆಯೆತ್ತಿ ನೋಡಿದ. ಮಾರುಕಟ್ಟೆಯ ಆ ತುದಿಯವರೆಗೂ ಒಂದೊಂದು ಅಂಗಡಿಯವನೂ ಹೆಗಲಿಗೊಂದು ಟವೆಲ್ ಹಾಕಿಕೊಂಡು, ಬಲಗೈ ಚಾಚಿ, ನಗುನಗುತ್ತ ಕಾಯುತ್ತಿದ್ದ.