ಸುಗುಣಾ ಕಾದ ಎಲೆ

ನಡುರಾತ್ರಿ ‘ಟಪ್’ ಎಂದು ಸಣ್ಣ ಸದ್ದಾಯಿತು. ಅಪ್ಪನ ಮಂಚದ ಪಕ್ಕದ ಕುಂಡದಲ್ಲಿ ಅರಳಿ ಸಸಿಯ ಚಿಗುರು ಬಿಚ್ಚಿಕೊಂಡಿತ್ತು. ನ್ಯುಮೋನಿಯಾ ವಾರ್ಡಿನಲ್ಲಿ ಪ್ರತಿ ರೋಗಿಗೂ ಇಂಥದೊಂದು ಸಸಿ. ಅವರ ಉಸಿರು ಕುಡಿದೇ ಅದು ಬೆಳೆಯುತ್ತದೆ. ಎಲೆ ಬಿಚ್ಚಿದರೆ ರೋಗ ವಾಸಿಯಾಯಿತೆಂದು ಬೆಳಿಗ್ಗೆಯೇ ಮನೆಗೆ ಕಳಿಸುತ್ತಾರೆ.

“ಬಿಚ್ಚಿತೇನೇ ಸುಗುಣಾ? ಈ ಆಸ್ಪತ್ರೆ ಗಂಜಿ ಸಾಕಾಗಿದೆ ಕಣೇ,” ಅಪ್ಪ ಕೆಮ್ಮುತ್ತ ಕೇಳಿದರು. ಎದೆ ಇನ್ನೂ ಗೊರಗೊರ ಎನ್ನುತ್ತಿತ್ತು.

ಸುಗುಣಾ ಬಗ್ಗಿ ನೋಡಿದಳು. ಎಳೆಯ ಎಲೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಅವಳು ಉಸಿರು ಬಿಗಿಹಿಡಿದಳು, ಎಲೆಯೂ ನಿಂತಿತು. ಆತಂಕದಲ್ಲಿ ಇಷ್ಟು ರಾತ್ರಿಗಳೂ ಅದರ ಮೇಲೇ ಬಾಗಿ ಕೂತಿದ್ದವಳು ಅವಳೇ ಅಲ್ಲವೇ? ಅಪ್ಪನದಲ್ಲ, ತನ್ನ ಉಸಿರೇ ಹಸಿರಾಗಿ ಎದುರು ನಿಂತಿತ್ತು.

“ಇಲ್ಲಪ್ಪ, ಇನ್ನೂ ಚಿಗುರೇ.”

ಸೆರಗಿನ ದಾರ ಎಳೆದು, ಎಲೆಯನ್ನು ಮತ್ತೆ ಸುರುಳಿ ಸುತ್ತಿ ಕಟ್ಟಿದಳು. ನರ್ಸಿಗಷ್ಟೇ ಅಲ್ಲ, ಅಪ್ಪನಿಗೂ ಇದನ್ನು ಎಂದೂ ಹೇಳಬಾರದೆಂದು ನಿಶ್ಚಯಿಸಿದಳು.