ನೋಂಗ್ ಪುಲೊನ ಪಿಸ್ತೂಲು

ತಿಯು ಮೇಡಂ ಪಿಸ್ತೂಲನ್ನು ಕಿವಿಯ ಹತ್ತಿರ ಹಿಡಿದು ಗಿಲಕಿಯಂತೆ ಅಲ್ಲಾಡಿಸಿದಳು. ಕಟಕಟ ಸದ್ದಾಯಿತು. ಮೇಜಿನ ಆಚೆ ನಿಂತಿದ್ದ ಕ್ರಿಸ್ಪುಲೊ ಒಂದು ಹೆಜ್ಜೆ ಮುಂದೆ ಬಂದ.

“ಏನಿದು ನೋಂಗ್? ನಿಮ್ಮ ದಾನಾವ್ ಊರಿನ ಬಸ್ಸಿನ ಹಾಗೆ ಗಡಗಡ ಅನ್ನುತ್ತಲ್ಲ!”

ಅಣ್ಣ ಎನ್ನುವ ಹಾಗೆ ಊರೆಲ್ಲ ನೋಂಗ್ ಪುಲೊ ಎಂದೇ ಕರೆಯುವ ಆ ಅರವತ್ತೆರಡರ ಕಸುಬುದಾರ ಪಕ್ಕದಲ್ಲಿದ್ದ ಮಗಳ ಕಡೆ ನೋಡಿದ. ಸೆಬು ನಗರದ ದೊಡ್ಡ ಬಂದೂಕಿನಂಗಡಿಗೆ ಮಾಲು ಆರಿಸುವವಳು ಈ ತಿಯು. ಗುರಿಪಂದ್ಯಗಳಲ್ಲಿ ಗೆದ್ದ ಕೈ. ಅವಳು ಹೂಂ ಅಂದರೆ, ಪಿಸ್ತೂಲು ಮಾಡಲು ಹೋದ ವರ್ಷವಷ್ಟೇ ಲೈಸೆನ್ಸು ಸಿಕ್ಕ ಈ ಸಹಕಾರ ಸಂಘದ ಆರು ಮನೆಗಳಿಗೆ ಕೈತುಂಬ ಕೆಲಸ. ಊಹೂಂ ಅಂದರೆ ಮತ್ತೆ ಗುಡ್ಡದ ಮರೆಯಲ್ಲಿ ಕದ್ದು ಅರ ಉಜ್ಜುವುದು, ಪೊಲೀಸ್ ಜೀಪಿನ ಸದ್ದು ಕೇಳಿದಾಗೆಲ್ಲ ಎದ್ದು ಓಡುವುದು.

ಉತ್ತರ ಕೊಟ್ಟವಳು ಮಗಳು ಮರಿವಿಕ್. “ಬೇಕಂತಲೇ ಸಡಿಲ ಬಿಟ್ಟಿದೀವಿ ಮೇಡಂ. ಇದನ್ನ ತಗೊಳ್ಳೋರು ಬ್ಯಾಂಕಿನ ಕಾವಲುಗಾರರು. ಮಳೆ, ಬೆವರು, ಸಮುದ್ರದ ಉಪ್ಪುಗಾಳಿ. ದಿನಾ ಬಿಚ್ಚಿ ಎಣ್ಣೆ ಹಾಕೋಕೆ ಅವರಿಗೆಲ್ಲಿ ಪುರುಸೊತ್ತು? ಬಿಗಿಯಾಗಿ ಕೂರಿಸಿದ್ರೆ ನಿಮ್ಮ ಪಂದ್ಯಕ್ಕೆ ಚಂದ, ಅವರ ಸೊಂಟಕ್ಕಲ್ಲ. ಮೇಲೆ ಹಿಂದೆಮುಂದೆ ಜಾರೋ ಸ್ಲೈಡು ಅಲ್ಲಾಡಲಿ ಬಿಡಿ, ನಳಿಗೆ ಅಲ್ಲಾಡುತ್ತಾ ನೋಡಿ.”

ತಿಯು ನಳಿಗೆಯ ಬುಡವನ್ನು ಹೆಬ್ಬೆರಳಿನಿಂದ ಒತ್ತಿದಳು. ಅಲುಗಲಿಲ್ಲ. ಇನ್ನೂ ಬಲವಾಗಿ ಒತ್ತಿದಳು. ಊಹೂಂ.

“ಕೂರಿಸಿದ್ದು ಯಾರು?”

“ನಾನೇ.”

“ನಾಲಿಗೆ ಇರೋ ಹಾಗೆ ಕೈಯೂ ಇದೆ,” ಎಂದು ತಿಯು ಪಿಸ್ತೂಲನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಅಮೆರಿಕದ ಸಿಪಾಯಿಗಳು ಈ ದ್ವೀಪಗಳಿಗೆ ಹೊತ್ತು ತಂದಿದ್ದ ನೂರು ವರ್ಷ ಹಳೆಯ ಮಾದರಿ ಅದು. “ಒಳಗೆಲ್ಲ ಅರದ ಗೀರು ಹಾಗೇ ಇದೆಯಲ್ಲ ನೋಂಗ್?”

“ಅದನ್ನೂ ತಿಕ್ಕಿ ಹೊಳೆಸಬಹುದು. ಆಗ ಬೆಲೆ ನಾಲ್ಕು ಸಾವಿರ ಏರುತ್ತೆ, ಗುಂಡು ಮಾತ್ರ ಹೋಗೋ ಕಡೆಗೇ ಹೋಗುತ್ತೆ,” ಎಂದ ಪುಲೊ.

ಶೆಡ್ಡಿನ ಹಿಂದೆ ತೆಂಗಿನ ದಿಮ್ಮಿಗಳ ನಡುವೆ ಮರಳು ತುಂಬಿದ ಗೋಡೆಯಿತ್ತು. ತಿಯು ಕಿವಿಗೆ ಹತ್ತಿ ಇಟ್ಟುಕೊಂಡು ಹೊಡೆಯತೊಡಗಿದಳು. ಐವತ್ತಾಯಿತು, ನೂರಾಯಿತು. ಪುಲೊ ಒಂದೊಂದನ್ನೂ ಮನಸ್ಸಿನಲ್ಲೇ ಎಣಿಸುತ್ತಿದ್ದ. ನೂರ ಮೂವತ್ತೊಂದನೆಯ ಗುಂಡು ಒಳಗೆ ಹೋಗದೆ ಮೂತಿ ಮೇಲೆತ್ತಿಕೊಂಡು ಸಿಕ್ಕಿಹಾಕಿಕೊಂಡಿತು. ಮರಿವಿಕ್ ತುಟಿ ಕಚ್ಚಿಕೊಂಡಳು.

“ಗುಂಡಿನದೇ ದೋಷ ಇರಬಹುದು. ಅಗ್ಗದ ಪೆಟ್ಟಿಗೆ ತಂದಿದ್ದೆ,” ಎಂದಳು ತಿಯು, ಅವನ ಮುಖವನ್ನೇ ನೋಡುತ್ತಾ.

ಹೌದು ಅಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳೇ ಬಾಗಿಲು ತೆರೆದುಕೊಟ್ಟಿದ್ದಳು. ಪುಲೊ ಸಿಕ್ಕಿಕೊಂಡ ಗುಂಡನ್ನು ಬಿಡಿಸಿ ಅಂಗೈಯಲ್ಲಿ ಉರುಳಿಸಿದ. ಮಗಳ ಕಡೆ ನೋಡಲಿಲ್ಲ.

“ಇಲ್ಲ ಮೇಡಂ, ಗುಂಡು ಚೆನ್ನಾಗೇ ಇದೆ. ಗುಂಡು ತುಂಬೋ ಮ್ಯಾಗಝೀನಿನ ತುಟಿ ಒಂದು ಕೂದಲೆಳೆಯಷ್ಟು ಅಗಲ ಆಗಿದೆ. ನಳಿಗೆ ಮಗಳದು, ಮ್ಯಾಗಝೀನು ನಂದು. ಹತ್ತು ನಿಮಿಷ ಕೊಡಿ.”

ಅವನು ಇಕ್ಕಳ ಹಿಡಿದು ಕೂತ. ತೆಂಗಿನ ಗರಿಯಲ್ಲಿ ಕಟ್ಟಿ ಬೇಯಿಸಿದ ಅನ್ನವನ್ನೂ ಹುರಿದ ಒಣಮೀನನ್ನೂ ಮರಿವಿಕ್ ತಂದಿಟ್ಟಳು. ತಿಯು ನಿಂತಲ್ಲೇ ತಿಂದಳು. ಬೆರಳು ಒರೆಸಿಕೊಂಡು ಮತ್ತೆ ಹೊಡೆಯಲು ಶುರು ಮಾಡಿದವಳು, ತಂದ ಗುಂಡೆಲ್ಲ ಮುಗಿಯುವ ತನಕ ನಿಲ್ಲಿಸಲಿಲ್ಲ. ಇನ್ನೂರ ಎಪ್ಪತ್ತು. ಒಂದೂ ಸಿಕ್ಕಿಕೊಳ್ಳಲಿಲ್ಲ.

“ಇದು ಬಂಗಾರ ಅಂತ ನಾನು ಹೇಳಲ್ಲ,” ಎಂದಳು ಕೊನೆಗೆ. “ಕುದುರೆ ಎಳೆದ್ರೆ ಮರಳು ಅರೆದ ಹಾಗೆ ಅನ್ನಿಸುತ್ತೆ, ಅದನ್ನ ಸರಿಮಾಡಿ. ಆದ್ರೆ ಮೂರು ಪಟ್ಟು ಬೆಲೆಯವು ನನ್ನ ಕೈಯಲ್ಲಿ ಇದಕ್ಕಿಂತ ಹೆಚ್ಚು ಸತಾಯಿಸಿವೆ. ಹದಿನೆಂಟು ಸಾವಿರ ಪೆಸೊ ನ್ಯಾಯದ ಬೆಲೆ. ತಿಂಗಳಿಗೆ ನಲವತ್ತು ಕೊಡ್ತೀರಾ?”

“ಕೊಡ್ತೀವಿ,” ಎಂದಳು ಮರಿವಿಕ್, ಅಪ್ಪ ಬಾಯಿ ತೆರೆಯುವ ಮೊದಲೇ.

ತಿಯು ಪಿಸ್ತೂಲನ್ನು ಆ ಕಡೆ ಈ ಕಡೆ ತಿರುಗಿಸಿದಳು. “ನಂಬರಿದೆ. ಮಾಡಿದವರ ಹೆಸರೆಲ್ಲಿ?”

ಪುಲೊ ತಲೆ ಕೆರೆದುಕೊಂಡ. ಮರಿವಿಕ್ ನಗು ತಡೆಯಲಾರದೆ ಹೇಳಿದಳು: “ನಲವತ್ತು ವರ್ಷ ಅಮೆರಿಕದ ಕಂಪನಿ ಹೆಸರನ್ನೇ ಹೊಡೆದವರು ಮೇಡಂ ಇವರು. ಅದಕ್ಕೇ ಎರಡು ಸಲ ಒಳಗೂ ಹೋಗಿ ಬಂದ್ರು. ಒಂದಕ್ಷರ ಆಚೀಚೆ ಆದದ್ದಿಲ್ಲ, ಆ ಕಂಪನಿಯವರೇ ಬಂದು ನೋಡಿದ್ರೂ ತಮ್ಮದೇ ಅಂತಿದ್ರು.”

“ಹಾಗಾದ್ರೆ ಈಗ ನಿಮ್ಮ ಹೆಸರು ಹೊಡೀರಿ. ನಾನು ಇಲ್ಲೇ ಕಾಯ್ತೀನಿ.”

ಪುಲೊ ಸ್ಲೈಡನ್ನು ಮೇಜಿಗೆ ಜೋಡಿಸಿದ ವೈಸಿನಲ್ಲಿ ಬಿಗಿದು ಉಕ್ಕಿನ ಅಕ್ಷರದಚ್ಚುಗಳನ್ನು ಸಾಲಾಗಿ ಜೋಡಿಸಿಕೊಂಡ. ಸುತ್ತಿಗೆ ಎತ್ತಿದ. ಮೊದಲನೆಯದು ನೆಟ್ಟಗೆ ಬಿತ್ತು, ಎರಡನೆಯದೂ. ಮೂರನೆಯದಕ್ಕೆ ಅವನ ಕಣ್ಣು ಮಂಜಾಯಿತು; ತೋಳಿನಿಂದ ಒರೆಸಿಕೊಂಡು ಹೊಡೆದ. ಎಂಟೂ ಇಂಗ್ಲಿಷ್ ಅಕ್ಷರ ಮುಗಿಸುವಷ್ಟರಲ್ಲಿ ಅಂಗಿಯೆಲ್ಲ ಬೆವರಿಗೆ ನೆನೆದು ಬೆನ್ನಿಗೆ ಅಂಟಿತ್ತು.

ತಿಯು ಬಗ್ಗಿ ನೋಡಿದಳು. ಮೂರನೆಯ ಅಕ್ಷರ ಎಡಕ್ಕೆ ವಾಲಿತ್ತು, ಏಳನೆಯದು ಸಾಲಿನಿಂದ ಕೆಳಕ್ಕೆ ಇಳಿದಿತ್ತು.

ಪುಲೊ ನಾಚಿಕೆಯಿಂದ ಉಜ್ಜಿ ಅಳಿಸಲು ಅರ ಎತ್ತಿಕೊಂಡ. ತಿಯು ಅವನ ಮಣಿಕಟ್ಟು ಹಿಡಿದಳು.

“ಬಿಡಿ ನೋಂಗ್. ಕದ್ದ ಹೆಸರಾಗಿದ್ರೆ ನೆಟ್ಟಗಿರ್ತಿತ್ತು.”