ಅವನ ಪಾಲಿನ ಮಾತು

"ಪತ್ನಿಯಾಗಿ" ಎಂದು ಮದುಮಗ ಹೇಳಬೇಕಿತ್ತು. ಮದುಮಗಳೇ ಹೇಳಿಬಿಟ್ಟಳು.

ಚರ್ಚಿನ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ನಗು ಬೆಂಚಿನಿಂದ ಬೆಂಚಿಗೆ ದಾಟಿ ಪೀಠದ ಮೆಟ್ಟಿಲವರೆಗೂ ಬಂತು. ಪಾದ್ರಿಗಳು ಕನ್ನಡಕ ಸರಿಮಾಡಿಕೊಂಡು, ತಮ್ಮ ನಗು ನುಂಗಿಕೊಂಡು, "ಮಗಳೇ, ಇದು ಅವನ ಪಾಲಿನ ಮಾತು. ನಿನ್ನ ಸರದಿ ಆಮೇಲೆ ಬರುತ್ತೆ" ಎಂದರು. ನಗು ಇನ್ನೊಂದು ಸುತ್ತು ಹೊಡೆಯಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

ಅವನದು ಕೀಲಿಕೈ ಮಾಡುವ ಅಂಗಡಿ. ಅಂಗಡಿ ಏನು ಬಂತು, ಗೂಡು: ಒಂದು ಯಂತ್ರ, ಒಂದು ಸ್ಟೂಲು, ಗೋಡೆ ತುಂಬ ಇನ್ನೂ ಹಲ್ಲು ಬಾರದ ಕೀಲಿಕೈಗಳು. ಉಗ್ಗು ಮಾತ್ರ ಚಿಕ್ಕಂದಿನಿಂದ ಜೊತೆಗಿತ್ತು. ಬೇರೆ ಅಕ್ಷರಗಳ ಜೊತೆ ಹೇಗೋ ರಾಜಿಯಾಗುತ್ತಿದ್ದ. 'ಪ' ಮಾತ್ರ ಜಪ್ಪಯ್ಯ ಅಂದರೂ ತುಟಿ ಬಿಟ್ಟು ಕದಲುತ್ತಿರಲಿಲ್ಲ.

ಅವಳು ಆಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ಬಂದವರು ಅರ್ಧ ಕೇಳುವಷ್ಟರಲ್ಲಿ ಪೂರ್ತಿ ಉತ್ತರ ಕೊಟ್ಟು ಮುಂದಿನವರನ್ನು ಕರೆಯುವುದೇ ಅವಳ ಕೆಲಸ. ಕೀಲಿಕೈ ಮಾಡಿಸಲು ಹೋದ ದಿನ, "ಇದರ ಹಲ್ಲು ಪೂ... ಪೂ..." ಎಂದು ಅವನು ಒದ್ದಾಡುತ್ತಿದ್ದಾಗ, "ಪೂರ್ತಿ ಸವೆದಿದೆಯಾ?" ಎಂದು ಮುಗಿಸಿಕೊಟ್ಟಿದ್ದಳು. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಅಲ್ಲಿಂದ ಮುಂದೆ ಅವಳ ಮನೆಯಲ್ಲಿ ಬೀಗಕ್ಕಿಂತ ಕೀಲಿಕೈಗಳೇ ಹೆಚ್ಚಾದವು. "ಯಾರ ಮನೆಗೆ ಕನ್ನ ಹಾಕೋಕೆ ಹೊರಟಿದ್ದೀಯೇ?" ಎಂದು ಅಮ್ಮ ಕೇಳಿದ ಮೇಲೆಯೇ ವಿಷಯ ಹೊರಬಿದ್ದದ್ದು.

ಮದುವೆ ಗೊತ್ತಾದ ಮೇಲೆ ಅವನು ಕೇಳಿಕೊಂಡದ್ದು ಒಂದೇ ಒಂದು.

"ಅವತ್ತು ಮಾತ್ರ ನೀನು ಹೇಳಿಕೊಡ್ಬೇಡ. ಎಷ್ಟೊತ್ತಾದ್ರೂ ಆಗ್ಲಿ, ನಾನೇ ಹೇಳ್ತೀನಿ."

"ಫಾದರ್‌ಗೆ ಹೇಳಿ 'ಹೆಂಡತಿ' ಅಂತ ಮಾಡಿಸೋಣ ಕಣೋ. ಅದು ನಿನಗೆ ಸಲೀಸಾಗಿ ಬರುತ್ತೆ."

"ಬೇಡ. ಎಲ್ಲರೂ ಏನು ಹೇಳ್ತಾರೋ ಅದನ್ನೇ ಹೇಳ್ತೀನಿ."

"ಸರಿ ಮಾರಾಯ, ಬಾಯಿಗೆ ಬೀಗ" ಎಂದು ಅವಳು ತುಟಿಯ ಮೇಲೆ ಕೀಲಿಕೈ ತಿರುಗಿಸಿದಂತೆ ಮಾಡಿ ತೋರಿಸಿದ್ದಳು. ಅಂದಿನಿಂದ ಅವನು ಅಂಗಡಿಯಲ್ಲಿ ಯಂತ್ರ ಓಡಿಸಿಕೊಂಡು, ಅದರ ಗದ್ದಲದೊಳಗೆ ಆ ಒಂದೇ ಪದವನ್ನು ಉರು ಹೊಡೆಯುತ್ತಿದ್ದ.

ನಗು ಅಡಗಿದ ಮೇಲೆ ಪಾದ್ರಿಗಳು ಪ್ರತಿಜ್ಞೆಯನ್ನು ಮತ್ತೆ ಹೇಳಿಕೊಟ್ಟರು. ಅವನ ಕತ್ತಿನ ನರ ಉಬ್ಬಿತು. ಅವಳ ಕೈಯಲ್ಲಿದ್ದ ಅವನ ಬಲಗೈ ಬೆವೆತು ಜಾರತೊಡಗಿತು. "ಪ... ಪ..." ಈ ಸಲ ಅವಳು ನಾಲಿಗೆ ಕಚ್ಚಿಕೊಂಡು ನಿಂತಳು. ಕೊನೆಗೂ "ಪತ್ನಿಯಾಗಿ" ಎಂದು ಬಂತು, ಉಳಿದದ್ದೂ ಬಂತು. ಜನ ಚಪ್ಪಾಳೆ ತಟ್ಟಿದರು, ಮಗು ಮೊದಲ ಹೆಜ್ಜೆ ಇಟ್ಟಾಗ ತಟ್ಟುವ ಹಾಗೆ. ಇದಕ್ಕಿಂತ ಮೊದಲಿನ ನಗುವೇ ಎಷ್ಟೋ ವಾಸಿಯಾಗಿತ್ತು. ಅವನು ತಲೆ ಎತ್ತಲಿಲ್ಲ.

ಆಮೇಲೆ ಪಕ್ಕದ ಆರತಕ್ಷತೆಯ ಹಾಲಿನಲ್ಲಿ ಅವಳ ಸೋದರಮಾವ ಮೈಕು ಹಿಡಿದರು. "ಅಳಿಯಂದಿರೇ, ಇನ್ನು ನಿಮ್ಮ ಬಾಯಿಗೆ ರಜಾ! ನಾಳೆ ಜಗಳ ಬಂದ್ರೆ ಎರಡೂ ಕಡೆಯಿಂದ ನಮ್ಮ ಹುಡುಗೀನೇ ಆಡ್ತಾಳೆ, ನೀವು ಕೂತು ನೋಡಿ." ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮದುಮಗನೂ ನಕ್ಕ. ಸ್ವಲ್ಪ ಹೊತ್ತಿಗೆ ಅವನ ಕುರ್ಚಿ ಖಾಲಿಯಾಗಿತ್ತು.

ಗೌನಿನ ಅಂಚು ಎತ್ತಿ ಹಿಡಿದುಕೊಂಡು ಅವಳು ಹುಡುಕುತ್ತ ಬಂದಾಗ ಅವನು ಹಾಲಿನ ಹಿಂದೆ, ಪೇರಿಸಿಟ್ಟ ಕುರ್ಚಿಗಳ ಆಚೆ, ಸಾಮಾನು ಕೋಣೆಯ ಬೀಗವನ್ನು ಸುಮ್ಮನೆ ಬೆರಳಿನಲ್ಲಿ ಸವರುತ್ತ ನಿಂತಿದ್ದ.

"ಸಿಟ್ಟಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಅಭ್ಯಾಸ ಕಣೋ. ಅಂಗಡೀಲಿ ಹೇಳಿ ಹೇಳಿ, ಬಾಯಿ ತಪ್ಪಿ ಬಂದುಬಿಡ್ತು."

ಅವನು ಒಂದೊಂದೇ ಮಾತನ್ನು ಎತ್ತಿಡುವವನಂತೆ ನಿಧಾನವಾಗಿ ಹೇಳಿದ: "ಅಂಗಡೀಲಿ ಹೇಳುವಾಗ ನೀನು ನನ್ನ ಮುಖ ನೋಡ್ತಿದ್ದೆ. ಇವತ್ತು ಜನರ ಮುಖ ನೋಡ್ತಾ ಹೇಳಿದೆ."

ನಿಜವಾಗಿತ್ತು. ಅವನು 'ಪ'ದಲ್ಲಿ ಸಿಕ್ಕಿಕೊಂಡ ಆ ಮೌನದಲ್ಲಿ ಅವಳ ಕಣ್ಣು ತನ್ನ ಆಸ್ಪತ್ರೆಯವರು ಕೂತಿದ್ದ ಬೆಂಚಿನ ಕಡೆಗೆ ಹೋಗಿತ್ತು. ಹಿರಿಯ ನರ್ಸಮ್ಮ ಪಕ್ಕದವರ ಕಿವಿಗೆ ಬಾಗಿದ್ದನ್ನು ಕಂಡಿದ್ದಳು. ಆ ಪದ ಹೊರಬಿದ್ದದ್ದು ಆಗ. ಅವನ ಕಷ್ಟ ನೋಡಲಾರದೆ ಹೇಳಿದ್ದಲ್ಲ, ಅವನು ತನ್ನವನೆಂದು ಅವರೆಲ್ಲ ನೋಡುತ್ತಿದ್ದಾರಲ್ಲ ಎಂಬ ನಾಚಿಕೆಗೆ ಹೇಳಿದ್ದು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಇಷ್ಟಾದ ಮೇಲೆ ಈ ಮನುಷ್ಯನಿಗೆ ಸುಳ್ಳು ಹೇಳಿ ದಾಟಿಕೊಳ್ಳುವುದೇ?

"ನನಗೆ... ಆಗ..." ಎಂದಳು. "ನಿನ್ನ ಬಗ್ಗೆ... ನಾ... ನಾ..."

ದಿನವಿಡೀ ಊರಿನವರಿಗೆಲ್ಲ ಉತ್ತರ ಕೊಡುವ ಬಾಯಿ ಅಲ್ಲಿಗೇ ನಿಂತಿತು. ಒಳಗಿನಿಂದ ಕೇಕು ಕತ್ತರಿಸಲು ಇಬ್ಬರನ್ನೂ ಕೂಗಿ ಕರೆಯುತ್ತಿದ್ದರು. ಅವಳ ನಾಲಿಗೆಯ ಮೇಲಿದ್ದ ಮಾತು ಯಾವುದೆಂದು ಅವನಿಗೆ ಗೊತ್ತಾಗಿತ್ತು. ಅವನು ಎಡವದೆ ಹೇಳಬಲ್ಲ ಮಾತೇ ಅದು. ಆದರೂ ಹೇಳಲಿಲ್ಲ. ಬಾಗಿಲಿಗೆ ಒರಗಿ, ಅವಳ ಮುಖವನ್ನೇ ನೋಡುತ್ತ, ಕಾದು ನಿಂತ.